ಕದಲದ ಬಾಗಿಲು: ಹನ್ನೊಂದನೆಯ ಕಂತು

"ಇಳೀರಿ ಕೆಳಗೆ. ಅಲ್ಲೇನು ನೋಡೋದೈತೆ? ನಿಮ್ಮ ಡಬ್ಬಿ ಕೂಗಬೇಕಿತ್ತು, ಕೂಗಲಿಲ್ಲ. ಅಷ್ಟೇ ಕತೆ."

ಮುರುಗೇಶಪ್ಪ ಈ ಮಾತನ್ನು ಬೆಳಗಿನಿಂದ ಆರನೆಯ ಸಲ ಹೇಳುತ್ತಿದ್ದರು. ಸ್ಟೂಲಿನ ಮೇಲೆ ನಿಂತು ಅಡಿಕೆ ಮಂಡಿಯ ಬಾಗಿಲಿನ ಮೇಲ್ತುದಿಗೆ ಟಾರ್ಚ್ ಬಿಡುತ್ತಿದ್ದ ತಸ್ಲೀಮ್ ಆರನೆಯ ಸಲವೂ ಕಿವಿ ಕೇಳಿಸದವಳಂತೆ ಇದ್ದುಬಿಟ್ಟಳು.

ಅವಳಿಗೆ ಜಗಳಕ್ಕೆ ಪುರುಸೊತ್ತಿರಲಿಲ್ಲ. ಆಗಲೇ ಹನ್ನೊಂದೂವರೆ. ಸಂಜೆ ನಾಲ್ಕಕ್ಕೆ ಅವಳ ಅಣ್ಣ ಮುಜೀಬ್‌ನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಹೊನ್ನಾಳಿ, ನ್ಯಾಮತಿ, ಜಗಳೂರು, ಈಗ ಚನ್ನಗಿರಿ: ನಾಲ್ಕು ಊರಲ್ಲಿ ನಾಲ್ಕು ಅಂಗಡಿ ಕಳುವಾಗಿತ್ತು. ನಾಲ್ಕಕ್ಕೂ ಅಲಾರಂ ಹಾಕಿದ್ದು ಈ ಅಣ್ಣ-ತಂಗಿ. ನಾಲ್ಕರಲ್ಲೂ ಅಲಾರಂ ತುಟಿ ಬಿಚ್ಚಿರಲಿಲ್ಲ.

ಮೊದಲ ಮೂರು ಅಂಗಡಿಗಳಲ್ಲಿದ್ದದ್ದು ಹಳೇ ಮಾದರಿ. ಬಾಗಿಲಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಒಂದು ಸೆನ್ಸರ್. ಎರಡೂ ಹತ್ತಿರವಿದ್ದರೆ ಬಾಗಿಲು ಮುಚ್ಚಿದೆ, ದೂರವಾದರೆ ತೆರೆದಿದೆ, ಕೂಗು. ಆ ಬಡಪಾಯಿ ಸೆನ್ಸರಿಗೆ ಅಯಸ್ಕಾಂತ ಇದೆಯೋ ಇಲ್ಲವೋ ಎಂಬುದಷ್ಟೇ ಗೊತ್ತು. ಯಾರೋ ಹೊರಗಿನಿಂದ ಇನ್ನೊಂದು ಅಯಸ್ಕಾಂತ ತಂದು ಹಿಡಿದರೂ ತನ್ನದೇ ಎಂದುಕೊಂಡು ತೆಪ್ಪಗಿರುತ್ತದೆ.

ಇದರಿಂದ ರೋಸಿಹೋಗಿಯೇ ತಸ್ಲೀಮ್ ಹೊಸದನ್ನು ಮಾಡಿದ್ದು. ಡಿಪ್ಲೊಮಾದಲ್ಲಿ ಕಲಿತದ್ದನ್ನೆಲ್ಲ ಅದಕ್ಕೆ ಸುರಿದಿದ್ದಳು. ಹೊಸ ಸೆನ್ಸರ್ ಅಯಸ್ಕಾಂತದ ಸೆಳೆತವನ್ನು ತೂಗಿ ನೋಡುತ್ತದೆ, ತೂಗಿದ್ದನ್ನು ಅಂಕಿಯಾಗಿ ಬರೆದಿಡುತ್ತದೆ. ಸೆಳೆತ ಕಡಿಮೆಯಾದರೂ ಕೂಗುತ್ತದೆ, ವಿಪರೀತ ಹೆಚ್ಚಾದರೂ ಕೂಗುತ್ತದೆ. ಮೂರು ವಾರದ ಹಿಂದೆ ಮೊದಲನೆಯದನ್ನು ಮುರುಗೇಶಪ್ಪನವರ ಮಂಡಿಗೆ ಹಾಕಿ, "ಇದಕ್ಕೆ ಟೋಪಿ ಹಾಕೋದು ಮಾಡಿದೋರಿಗೆ ಬಿಟ್ರೆ ಬೇರೆ ಯಾರಿಗೂ ಆಗಲ್ಲ" ಎಂದು ಜಂಬ ಕೊಚ್ಚಿಕೊಂಡಿದ್ದಳು.

ಇನ್ಸ್‌ಪೆಕ್ಟರ್ ಸತೀಶ್ ಕುಮಾರ್ ನಿನ್ನೆ ಅದೇ ಮಾತನ್ನು ಅವಳಿಗೆ ತಿರುಗಿಸಿ ಹೇಳಿ ಮುಜೀಬ್‌ನನ್ನು ಜೀಪು ಹತ್ತಿಸಿದ್ದರು.

"ಬೆಳಿಗ್ಗೆಯಿಂದ ನೆಟ್ಟಗೆ ನಿಂತಿದೀರಿ, ಕಾಲು ನೋಯಲ್ವಾ?" ಎಂದು ಕೇಳುತ್ತ ಮುರುಗೇಶಪ್ಪನವರ ಹೆಂಡತಿ ಕಸ್ತೂರಮ್ಮ ಟೀ ತಂದಿಟ್ಟರು. ಅವರ ಮನೆ ಮಂಡಿಯ ಮೇಲೆಯೇ. ಲೋಟವನ್ನು ಸ್ಟೂಲಿನ ಪಕ್ಕದ ಚೀಲದ ಮೇಲಿಟ್ಟು, ಮೇಲೆ ನೋಡದೆ, ಬೇಗ ಬೇಗ ಒಳಗೆ ಹೋದರು.

ಊರಿನವರೆಲ್ಲ ಬಾಗಿಲು ನೋಡಲು ಬಂದು ಕತ್ತು ಎತ್ತುತ್ತಿರುವಾಗ ಮನೆಯವರೇ ಕತ್ತು ಎತ್ತದಿರುವುದು ತಸ್ಲೀಮ್‌ಗೆ ವಿಚಿತ್ರವೆನಿಸಿತು.

ಅವಳು ಮತ್ತೆ ಟಾರ್ಚ್ ಬಿಟ್ಟಳು. ಕಬ್ಬಿಣದ ಚೌಕಟ್ಟು, ಹಲಸಿನ ಮರದ ಬಾಗಿಲು. ಒಣಗಿದ ಮಾವಿನೆಲೆ, ಕುದುರೆ ಲಾಳ, ನಿಂಬೆಹಣ್ಣು, ಮೆಣಸಿನಕಾಯಿ. ಕಳ್ಳರನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ಅಲ್ಲಿ ಕಾವಲಿತ್ತು. ಬಾಗಿಲಿನ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟಿ, ನಡುವೆ ಕುಂಕುಮ. ಚೌಕಟ್ಟಿನಲ್ಲಿ ಅವಳ ಸೆನ್ಸರ್, ಬಾಗಿಲಿನಲ್ಲಿ ಅಯಸ್ಕಾಂತದ ಪುಟ್ಟ ಬಿಳಿ ಡಬ್ಬಿ. ಎಲ್ಲವೂ ಇರುವಲ್ಲೇ ಇದೆ.

ಇಲ್ಲ, ಒಂದು ಇರಲಿಲ್ಲ. ಡಬ್ಬಿಗೆ ಎರಡು ಸ್ಕ್ರೂ ಇರಬೇಕಿತ್ತು. ತೂತುಗಳು ಖಾಲಿ. ಅಂಚಿನಲ್ಲಿ ಅಂಟು ಉಕ್ಕಿ ಒಣಗಿತ್ತು.

ತಸ್ಲೀಮ್ ಉಗುರಿನಿಂದ ಮೀಟಿದಳು. ಡಬ್ಬಿ ಕಿತ್ತು ಕೈಗೆ ಬಂತು. ಅದರ ಕೆಳಗೆ, ಮರದ ಮೇಲೆ, ಅಂಟಿನಲ್ಲಿ ಸಿಕ್ಕಿಕೊಂಡು, ಮೂರು ವಿಭೂತಿ ಗೆರೆಗಳೂ ಈ ಕಡೆಯಿಂದ ಆ ಕಡೆಗೆ ಚೆಂದವಾಗಿ ಹಾದುಹೋಗಿದ್ದವು.

ಅವಳು ಸ್ಟೂಲಿನ ಮೇಲೆಯೇ ಒಂದು ನಿಮಿಷ ಕಣ್ಣು ಮುಚ್ಚಿಕೊಂಡಳು. ಡಬ್ಬಿ ಇದ್ದ ಜಾಗದಲ್ಲಿ ವಿಭೂತಿ ಎಳೆಯಲು ಯಾರಿಗೂ ಸಾಧ್ಯವಿಲ್ಲ. ಅಂದರೆ ಮೊದಲು ಡಬ್ಬಿ ಕಿತ್ತಿದ್ದಾರೆ, ಆಮೇಲೆ ವಿಭೂತಿ ಎಳೆದಿದ್ದಾರೆ, ಅದಾದ ಮೇಲೆ ಡಬ್ಬಿಯನ್ನು ಮತ್ತೆ ಅಂಟಿಸಿದ್ದಾರೆ.

ಇಳಿದು, ಸೆನ್ಸರಿನ ಲೆಕ್ಕ ಕೂಡಿಡುವ ಗೋಡೆಯ ಪ್ಯಾನೆಲ್‌ಗೆ ಫೋನು ಹಿಡಿದು, ತನ್ನ ಗುಪ್ತ ಸಂಖ್ಯೆ ಒತ್ತಿ ಅಂಕಿಗಳನ್ನು ತೆರೆದಳು. ಪೊಲೀಸರು ಬೀಗ ಹಾಕಿದ್ದ ಮಂಡಿ ತೆರೆದದ್ದೇ ಇವತ್ತು ಬೆಳಿಗ್ಗೆ. ಪ್ಯಾನೆಲ್‌ನಿಂದ ಮೂವತ್ತು ಅಡಿಯೊಳಗೆ ನಿಂತರೆ ಮಾತ್ರ ಅದು ಮಾತಾಡುತ್ತದೆ, ಹಾಗೆ ಮಾಡಿದ್ದೂ ಅವಳೇ.

ಸೋಮವಾರ: ಬಾಗಿಲು ಮುಚ್ಚಿದಾಗಲೆಲ್ಲ ಐವತ್ತೆಂಟು, ಅರವತ್ತೆರಡು, ಅರವತ್ತು, ಅರವತ್ಮೂರು. ಹಳೇ ಬಾಗಿಲು, ಒಂದೊಂದು ಸಲ ಒಂದೊಂದು ಜಾಗಕ್ಕೆ ಬಂದು ಕೂರುತ್ತದೆ. ಮಂಗಳವಾರ ಬೆಳಿಗ್ಗೆ, ಅಂಗಡಿ ತೆರೆದು ಕೂಗನ್ನು ಆರಿಸಿಟ್ಟ ಹೊತ್ತು, ಹನ್ನೊಂದೂ ಇಪ್ಪತ್ತಕ್ಕೆ ಸೊನ್ನೆ. ಹನ್ನೊಂದೂ ಇಪ್ಪತ್ತೊಂದಕ್ಕೆ ಎಪ್ಪತ್ತೊಂದು.

ಆಮೇಲೆ ಎಪ್ಪತ್ತೊಂದು. ಮತ್ತೆ ಎಪ್ಪತ್ತೊಂದು. ಬುಧವಾರ ಇಡೀ ದಿನ, ಹಮಾಲರು ನಲವತ್ತು ಸಲ ಬಾಗಿಲು ತೆರೆದು ಮುಚ್ಚಿರಬೇಕಾದ ದಿನ, ಬರೀ ಎಪ್ಪತ್ತೊಂದು. ಗುರುವಾರವೂ ಅದೇ. ಕಳ್ಳರು ಬಂದುಹೋದ ಆ ರಾತ್ರಿಯೂ ಅದೇ. ಶುಕ್ರವಾರ ಬೆಳಿಗ್ಗೆ ಏಳೂ ನಲವತ್ತಕ್ಕೆ ಸೊನ್ನೆ, ಮರುಕ್ಷಣ ಅರವತ್ತೊಂದು.

"ಅಯಸ್ಕಾಂತ ಬಾಗಿಲಲ್ಲಿ ಇರಲೇ ಇಲ್ಲ" ಎಂದು ಅವಳು ಗಟ್ಟಿಯಾಗಿಯೇ ಹೇಳಿಕೊಂಡಳು. "ಮೂರು ದಿನ ಚೌಕಟ್ಟಿಗೇ ಅಂಟಿಕೊಂಡಿತ್ತು, ಸೆನ್ಸರ್ ಪಕ್ಕದಲ್ಲೇ."

"ಏನಂತೆ?" ಎಂದರು ಮುರುಗೇಶಪ್ಪ. "ಇಪ್ಪತ್ತೆಂಟು ಚೀಲ ರಾಶಿ ಅಡಿಕೆ ಹೋಗೈತೆ, ನೀವು ಫೋನ್ ನೋಡ್ಕಂಡು ಪಿಸಿಪಿಸಿ ಅಂತಿದೀರಿ. ಅದಕ್ಕಿಂತ ನಮ್ಮ ನಾಯಿ ವಾಸಿ."

"ನಾಯಿ ಬೊಗಳಲಿಲ್ವಲ್ಲ ಸಾವ್ಕಾರ್ರೆ."

"ನಿಮ್ಮ ಡಬ್ಬಿ ಐತಲ್ಲ ಅಂತ ಅದನ್ನ ತೋಟಕ್ಕೆ ಕಳಿಸಿದ್ವಿ."

ತಸ್ಲೀಮ್ ಉಸಿರು ಬಿಟ್ಟಳು. ಈ ಮನುಷ್ಯನಿಗೆ ಲಾರಿ ಹೋದರೂ ಅಲಾರಂ ಬಡಿದುಕೊಳ್ಳುತ್ತದೆ ಎಂಬ ದೂರು, ಗಾಳಿ ಬಂದರೂ ಬಡಿದುಕೊಳ್ಳುತ್ತದೆ ಎಂಬ ದೂರು. ಆ ಕಾಟ ತಾಳಲಾರದೆ ಅವಳು ಮಿತಿಯನ್ನು ಎಂಬತ್ತರವರೆಗೆ ಸಡಿಲ ಮಾಡಿದ್ದಳು. ಮೊದಲಿನಂತೆ ಎಪ್ಪತ್ತಕ್ಕೇ ಬಿಟ್ಟಿದ್ದರೆ ಎಪ್ಪತ್ತೊಂದಕ್ಕೆ ಊರೇ ಏಳುವಂತೆ ಕೂಗುತ್ತಿತ್ತು. ಅವರ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧಪಾಲು ತನ್ನ ಮೇಲೆಯೇ ತಿರುಗಿತು. ಇಡೀ ದಿನ ಒಂದೇ ಅಂಕಿ ತೋರಿಸುವ ಬಾಗಿಲು ಬಾಗಿಲಲ್ಲ, ಗೋಡೆ. ಅಷ್ಟನ್ನು ಸೆನ್ಸರಿಗೆ ಕಲಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಸಾವ್ಕಾರ್ರೆ, ಗ್ಯಾರಂಟಿ ಕಾರ್ಡ್ ಕೊಟ್ಟಿದ್ನಲ್ಲ, ಅದು ಬೇಕು" ಎಂದಳು.

"ಎಲ್ಲೈತೋ ಏನೋ."

"ಹುಡುಕ್ರಿ. ಅದಿಲ್ದಿದ್ರೆ ಏನೂ ಮಾಡಾಕಾಗಲ್ಲ."

ಗ್ಯಾರಂಟಿ ಕಾರ್ಡು ಅವಳ ಚೀಲದಲ್ಲೇ ಇತ್ತು. ಮುರುಗೇಶಪ್ಪ ಗೊಣಗುತ್ತ ಕಪಾಟಿನ ಕಡೆ ಹೋದರು. ತಸ್ಲೀಮ್ ಟೀ ಲೋಟ ಹಿಡಿದು ಹಿತ್ತಲಿಗೆ ಹೋದಳು.

ಕಸ್ತೂರಮ್ಮ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು.

"ಅಮ್ಮಾ, ಬಾಗಿಲಿಗೆ ವಿಭೂತಿ ಯಾವಾಗ ಹಚ್ಚಿದ್ದು?"

"ಅಮಾಸೆ ದಿನ. ಮಂಗಳವಾರ. ಪ್ರತಿ ಅಮಾಸೆಗೂ ಬಾಗಿಲು ತೊಳೆದು ಹಚ್ತೀವಿ. ಎಲ್ಲಾ ಅಂಗಡಿಯೋರೂ ಹಚ್ತಾರೆ."

"ಆಮೇಲೆ ಮುಟ್ಟಿಲ್ಲ?"

"ಮುಂದಿನ ಅಮಾಸೆಗೇ."

ತಸ್ಲೀಮ್ ಬಿಳಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. "ಇದರ ಕೆಳಗೂ ವಿಭೂತಿ ಐತೆ. ಹೆಂಗೆ ಹೋತು ಅಲ್ಲಿಗೆ?"

ನಲ್ಲಿ ನೀರು ಸುರಿಯುತ್ತಲೇ ಇತ್ತು. ಕಸ್ತೂರಮ್ಮ ಅದನ್ನು ನಿಲ್ಲಿಸಲಿಲ್ಲ.

"ನನಗೇನು ಗೊತ್ತು. ಪೊಲೀಸಿನೋರು ಏನಾದ್ರೂ ಮಾಡಿರಬೇಕು."

"ಪೊಲೀಸಿನೋರು ಬಂದಿದ್ದು ಎಂಟೂವರೆಗೆ. ಇದನ್ನ ಅಂಟಿಸಿದ್ದು ಏಳೂ ನಲವತ್ತಕ್ಕೆ. ಆಗ ಇಲ್ಲಿ ಇದ್ದಿದ್ದು ನೀವಿಬ್ರೇ. ಸಾವ್ಕಾರ್ರಿಗೆ ಸ್ಟೂಲ್ ಹತ್ತಾಕೆ ಮೊಣಕಾಲು ಬರಲ್ಲ."

"ಹಂಗಂದ್ರೆ ನಾನೇ ನನ್ನ ಮಂಡಿ ಕಳುವು ಮಾಡಿಸಿದೆ ಅಂತೀಯೇನು?"

"ಇಲ್ಲಮ್ಮ. ಎರಡು ಸ್ಕ್ರೂ ಎಲ್ಲಿಟ್ಟಿದೀರಿ ಅಂತ ಕೇಳ್ತಿದೀನಿ."

ಕಸ್ತೂರಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ಕೈ ಒರೆಸಿಕೊಂಡು ದೇವರ ಗೂಡಿನಿಂದ ಕುಂಕುಮದ ಭರಣಿ ತಂದು ಅಂಗೈ ಮೇಲೆ ಬಗ್ಗಿಸಿದರು. ಕುಂಕುಮದ ಜೊತೆ ಎರಡು ಸ್ಕ್ರೂಗಳೂ ಬಿದ್ದವು. ಒಗೆಯಲು ಮನಸ್ಸಾಗಲಿಲ್ಲವಂತೆ, ಯಾವುದಕ್ಕಾದರೂ ಬೇಕಾಗುತ್ತದೆ ಎಂದು ಇಟ್ಟಿದ್ದರಂತೆ.

"ವಿಭೂತಿ ಎಳೆಯೋ ಜಾಗದಲ್ಲೇ ನಿಮ್ಮಣ್ಣ ಪ್ಲಾಸ್ಟಿಕ್ ಡಬ್ಬಿ ಹೊಡೆದು ಹೋಗಿದ್ದ. ಡಬ್ಬಿಗೆ ವಿಭೂತಿ ಹಚ್ಲಾ? ಚಾಕುವಿನ ತುದೀಲಿ ಬಿಚ್ಚಿದೆ. ಪೂಜೆ ಆಗೋತನಕ ಪಕ್ಕಕ್ಕಿಡಾಣ ಅಂತ ಕೈ ಎತ್ತಿದ್ರೆ ಅದೇ ತಾನಾಗೇ ಹೋಗಿ ಚೌಕಟ್ಟಿಗೆ ಅಂಟ್ಕೊಂತು, ಇನ್ನೊಂದರ ಪಕ್ಕ. ಒಳ್ಳೇದೇ ಆತು, ಜೋಡಿ ಜೋಡಿಯಾಗಿ ಅದಾವೆ ಅಂತ ಬಿಟ್ಟೆ."

"ಬಿಟ್ರಿ."

"ಅವತ್ತಿನಿಂದ ಅದು ಬಡ್ಕಳೋದನ್ನೂ ನಿಲ್ಲಿಸ್ತು. ನಮ್ಮನೆಯವರೂ ಖುಷಿಯಾದ್ರು, ಈಗ ಹದಕ್ಕೆ ಬಂತು ನೋಡು ಅಂದ್ರು. ನಿನ್ನೆ ಬೆಳಿಗ್ಗೆ ಬೀಗ ಮುರಿದಿದ್ದು ನೋಡಿ ಹೆದರಿ, ಪೊಲೀಸಿನೋರು ಬರೋದ್ರೊಳಗೆ ಅಂಟು ಹಚ್ಚಿ ಮೊದಲಿದ್ದಲ್ಲೇ ಕೂರಿಸಿದೆ."

ತಸ್ಲೀಮ್‌ಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಆರು ತಿಂಗಳು ಕೂತು ಮಾಡಿದ ಸೆನ್ಸರು, ಕಳ್ಳರ ಅಯಸ್ಕಾಂತವನ್ನು ದೂರದಿಂದಲೇ ಗುರುತು ಹಿಡಿಯುವ ಸೆನ್ಸರು, ಕಸ್ತೂರಮ್ಮನ ಕೈಯಿಂದ ತನ್ನದೇ ಅಯಸ್ಕಾಂತ ಪಕ್ಕಕ್ಕೆ ಬಂದು ಕೂತಾಗ ತೃಪ್ತಿಯಿಂದ ನಿದ್ದೆ ಹೋಗಿತ್ತು.

"ನೀವು ಇದನ್ನ ಸ್ಟೇಷನ್‌ಗೆ ಬಂದು ಹೇಳಬೇಕಮ್ಮ."

"ಆಗಲ್ಲ." ಕಸ್ತೂರಮ್ಮನ ದನಿ ಸಣ್ಣಗಾಯಿತು. "ನಿನ್ನ ವಿಭೂತಿಗೆ ಇಪ್ಪತ್ತೆಂಟು ಚೀಲ ಹೋತು ಅಂತ ನಮ್ಮನೆಯವರು ನಾನು ಸಾಯೋತನಕ ಹೇಳ್ತಾರೆ. ಉಣ್ಣಾಕೆ ಕೂತ್ರೂ ಹೇಳ್ತಾರೆ, ನೆಂಟರ ಮುಂದೂ ಹೇಳ್ತಾರೆ. ನಿನಗೆ ಗೊತ್ತಿಲ್ಲ ಅವರ ಬಾಯಿ."

"ಬೆಳಿಗ್ಗೆಯಿಂದ ಕೇಳ್ತಿದೀನಿ, ಗೊತ್ತಾತು." ತಸ್ಲೀಮ್ ತಡೆದುಕೊಂಡಿದ್ದ ಸಹನೆ ಅಲ್ಲಿಗೆ ಮುಗಿಯಿತು. "ಅಮ್ಮಾ, ನಮ್ಮಣ್ಣ ನಿನ್ನೆಯಿಂದ ಲಾಕಪ್ಪಲ್ಲಿ ಕೂತಿದಾನೆ. ನಾಲ್ಕು ಗಂಟೆ ಆದ್ರೆ ಶಿವಮೊಗ್ಗ ಜೈಲಿಗೋ ದಾವಣಗೆರೆಗೋ ಹೋಗ್ತಾನೆ. ಆಮೇಲೆ ಈ ನಾಲ್ಕು ತಾಲ್ಲೂಕಲ್ಲಿ ಯಾರೂ ಅವನನ್ನ ಬಾಗಿಲು ಮುಟ್ಟಾಕೆ ಬಿಡಲ್ಲ. ಸಾವ್ಕಾರ್ರ ಬಾಯಿ ದೊಡ್ಡದೋ ಅದು ದೊಡ್ಡದೋ ನೀವೇ ಹೇಳ್ರಿ."

ಕಸ್ತೂರಮ್ಮ ತಿರುಗಿ ಮಂಡಿಯ ಕಡೆ ನೋಡಿದರು. ಒಳಗೆ ಮುರುಗೇಶಪ್ಪ ಕಪಾಟಿನ ಕಾಗದಗಳನ್ನು ನೆಲಕ್ಕೆ ಎಸೆಯುವ ಸದ್ದು ಕೇಳುತ್ತಿತ್ತು.

"ನಿಮ್ಮಮ್ಮ ಸೈದಾಬೀ ನಿನ್ನೆಯಿಂದ ಊಟ ಮಾಡಿದಾಳಾ?"

"ಇಲ್ಲ."

ಕಸ್ತೂರಮ್ಮ ನಲ್ಲಿ ನಿಲ್ಲಿಸಿ ಸೆರಗು ಹೊದ್ದುಕೊಂಡರು. "ನಡಿ. ಹಿಂದಿನ ಬಾಗಿಲಿಂದ ಹೋಗಾಣ. ಇವರಿಗೆ ಬಂದಮೇಲೆ ಹೇಳ್ತೀನಿ."

ಬರೀ ಬಾಯಿಮಾತಿಗೆ ಇನ್ಸ್‌ಪೆಕ್ಟರ್ ಬಗ್ಗುವವರಲ್ಲ, ಅಂಕಿಗಳು ಕಾಗದದ ಮೇಲೆ ಬೇಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಪಾಪಣ್ಣನ ಜೆರಾಕ್ಸ್ ಅಂಗಡಿಗೆ ಹೋದರೆ ಅಲ್ಲಿ ಕರೆಂಟಿಲ್ಲ. ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳಿದರೆ ಪಾಪಣ್ಣ, ಹೋದಂಗೇ ಬರ್ತೈತೆ ಎಂದು ಹೇಳಿ ಪೇಪರು ಓದತೊಡಗಿದ.

ಕಾಯುವ ಹೊತ್ತಿಗೆ ತಸ್ಲೀಮ್ ಮಿಕ್ಕ ಮೂರು ಊರಿಗೂ ಫೋನು ಮಾಡಿದಳು. ಕೇಳಿದ್ದು ಒಂದೇ ಪ್ರಶ್ನೆ: ಅಮಾವಾಸ್ಯೆಗೆ ಬಾಗಿಲು ತೊಳೆಯುವಾಗ ಬಿಳಿ ಡಬ್ಬಿಯನ್ನು ಏನು ಮಾಡಿದಿರಿ?

ಹೊನ್ನಾಳಿಯ ಹೊಲಿಗೆ ಮೆಷಿನ್ ಅಂಗಡಿಯವರು, ಕಿತ್ತು ಚೌಕಟ್ಟಿಗೆ ಅಂಟಿಸಿದೆವು, ನೀರು ಬಿದ್ದರೆ ಹಾಳಾಗಲ್ವಾ ಎಂದರು. ನ್ಯಾಮತಿಯ ಮೊಬೈಲ್ ಅಂಗಡಿಯವರೂ ಅದನ್ನೇ ಹೇಳಿದರು, ಜಾಗರೂಕತೆಗೆ ತಮ್ಮನ್ನು ಮೆಚ್ಚಿಕೊಳ್ಳಲಿ ಎಂಬ ದನಿಯಲ್ಲಿ. ಜಗಳೂರಿನ ಪಂಪ್‌ಸೆಟ್ ವ್ಯಾಪಾರಿ ಕೊಟ್ರೇಶ್ ಮಾತ್ರ ತಿರುಗಿ ಬಿದ್ದ.

"ಅದನ್ನ ಮುಟ್ಟಬ್ಯಾಡ್ರಿ ಅಂತ ನೀವು ಹೇಳಿದ್ರಾ?"

"ಹೇಳಿದ್ದೆ. ಕಾರ್ಡಲ್ಲಿ ಬರೆದೂ ಕೊಟ್ಟಿದ್ದೆ."

"ಕಾರ್ಡು ಯಾರು ಓದ್ತಾರ್ರಿ" ಎಂದು ಕೊಟ್ರೇಶ್ ಫೋನಿಟ್ಟ.

ನಾಲ್ಕು ಊರು, ನಾಲ್ಕು ಬಾಗಿಲು, ಒಂದೇ ತಪ್ಪು. ನಾಲ್ಕು ಕಳುವೂ ಅಮಾವಾಸ್ಯೆ ಕಳೆದು ಮೂರು ದಿನದೊಳಗೆ. ಕಳ್ಳನಿಗೆ ಯಾವ ವಿದ್ಯೆಯೂ ಬೇಕಿರಲಿಲ್ಲ. ಯಾವ ಅಂಗಡಿಯ ಅಯಸ್ಕಾಂತ ಜಾಗ ಬಿಟ್ಟಿದೆ ಎಂದು ತಿಳಿದರೆ ಸಾಕಿತ್ತು. ಅದನ್ನು ಅವನು ಹೇಗೆ ತಿಳಿದ ಎಂಬ ಪ್ರಶ್ನೆಯನ್ನು ತಸ್ಲೀಮ್ ಸದ್ಯಕ್ಕೆ ಬದಿಗಿಟ್ಟಳು. ಮೊದಲು ಅಣ್ಣ ಹೊರಗೆ ಬರಲಿ.

ಮೂರಕ್ಕೆ ಹತ್ತು ನಿಮಿಷವಿರುವಾಗ ಕರೆಂಟು ಬಂತು. ಐದು ಹಾಳೆ. ಅವಳು ಮೊದಲ ನಾಲ್ಕರಲ್ಲಿ ಎಪ್ಪತ್ತೊಂದು ಇದ್ದಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ, ಐದನೆಯದನ್ನು ಹಾಗೇ ಮಡಿಸಿ ಜೊತೆಗಿಟ್ಟು, ಕಸ್ತೂರಮ್ಮನನ್ನು ಆಟೋ ಹತ್ತಿಸಿದಳು.

ಸತೀಶ್ ಕುಮಾರ್ ಕಸ್ತೂರಮ್ಮನ ಮಾತನ್ನು ಪೂರ್ತಿ ಕೇಳಿದರು. ಭರಣಿ, ಸ್ಕ್ರೂ, ಅಂಟು, ಎಲ್ಲವನ್ನೂ ನೋಡಿದರು. ಮೇಜಿನ ಡ್ರಾಯರಿಗೆ ಅಯಸ್ಕಾಂತವನ್ನು ಹಿಡಿದು ಅದು ತಾನಾಗೇ ಹೋಗಿ ಅಂಟಿಕೊಳ್ಳುವುದನ್ನು ಮೂರು ಸಲ ಪರೀಕ್ಷೆ ಮಾಡಿದರು. ತಸ್ಲೀಮ್ ಗಡಿಯಾರ ನೋಡುತ್ತ ಹಲ್ಲು ಕಚ್ಚಿ ಕೂತಿದ್ದಳು.

"ಹಂಗಾದ್ರೆ ಸೆನ್ಸರಿಗೆ ಯಾರೂ ಟೋಪಿ ಹಾಕಿಲ್ಲ."

"ಇಲ್ಲ ಸರ್. ಬಾಗಿಲು ತೆರೆದಿದ್ದು ಅದಕ್ಕೆ ಕಾಣಲೇ ಇಲ್ಲ. ಇದಕ್ಕೆ ಮಾಡಿದೋರೇ ಬೇಕು ಅಂತಿಲ್ಲ, ಯಾರು ಬೇಕಾದ್ರೂ ಬೀಗ ಮುರಿದು ಒಳಗೆ ಹೋಗಬೋದಿತ್ತು. ನಮ್ಮಣ್ಣನೇ ಅಂತ ಹೇಳಾಕೆ ನಿಮ್ಮ ಹತ್ರ ಏನೂ ಇಲ್ಲ."

ಇನ್ಸ್‌ಪೆಕ್ಟರ್ ಕೆನ್ನೆ ಕೆರೆದುಕೊಂಡರು. ಆಮೇಲೆ ಹೆಡ್ ಕಾನ್‌ಸ್ಟೇಬಲ್‌ನನ್ನು ಕರೆದು, ಮುಜೀಬ್‌ನ ಸಾಮಾನು ವಾಪಸ್ ಕೊಟ್ಟು ಸಹಿ ಹಾಕಿಸಿಕೊಳ್ಳಲು ಹೇಳಿದರು.

ತಸ್ಲೀಮ್‌ಗೆ ಎದೆ ಹಗುರಾಯಿತು. ಮೇಜಿನ ಮೇಲಿದ್ದ ನೀರು ತೆಗೆದು ಕುಡಿದಳು. ಕಸ್ತೂರಮ್ಮ ಅವಳ ಬೆನ್ನು ಸವರಿ, ಮನೆಯಲ್ಲಿ ತನಗೆ ಕಾದಿರುವುದನ್ನು ನೆನೆದು, ನಿಧಾನವಾಗಿ ಎದ್ದು ಹೊರಟರು.

ಕಿಟಕಿಯಾಚೆ ಮುಜೀಬ್ ಕಾಣಿಸಿದ. ಗಡ್ಡ ಬಂದು ಮುಖ ಸೊರಗಿತ್ತು. ಅವಳನ್ನು ಕಂಡು ಕೈ ಎತ್ತಿದ.

"ಈ ಐದನೇ ಹಾಳೆ ಏನು?" ಎಂದರು ಸತೀಶ್ ಕುಮಾರ್.

"ಅದೇನಿಲ್ಲ ಸರ್. ಪ್ಯಾನೆಲ್ ತೆರೆದು ಅಂಕಿ ನೋಡಿದೋರ ಪಟ್ಟಿ. ತಾನಾಗೇ ಪ್ರಿಂಟ್ ಆಗ್ತೈತೆ."

ಅವರು ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಓದುತ್ತಿದ್ದರು. "ಶನಿವಾರ, ಹನ್ನೊಂದೂ ಐವತ್ತು, ಎರಡನೇ ನಂಬರ್. ಇದು ಯಾರು?"

"ನಾನೇ. ಒಂದನೇ ನಂಬರ್ ಅಣ್ಣಂದು, ಎರಡು ನಂದು, ಒಬ್ಬೊಬ್ಬರಿಗೂ ಬೇರೆ ಬೇರೆ ಗುಪ್ತ ಸಂಖ್ಯೆ. ಇವತ್ತು ನೋಡಿದ್ನಲ್ಲ, ಅದು."

"ಸರಿ. ಬುಧವಾರ, ಮಧ್ಯಾಹ್ನ ಮೂರೂ ಹನ್ನೆರಡು. ಎರಡನೇ ನಂಬರ್." ಅವರು ಕಣ್ಣೆತ್ತಿದರು. "ಬುಧವಾರ ಯಾಕೆ ನೋಡಿದ್ರಿ?"

ತಸ್ಲೀಮ್ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಬುಧವಾರ ಅವಳು ನೋಡಿರಲಿಲ್ಲ. ಸಂತೇಬೆನ್ನೂರಿನಲ್ಲಿ ಕೆಲಸ ಮುಗಿಸಿ ಮಧ್ಯಾಹ್ನದ ಬಸ್ಸಿನಲ್ಲಿ ಬಂದು, ಮಂಡಿಯ ಬೀದಿಯಲ್ಲೇ ನಡೆದು ಮನೆಗೆ ಹೋಗಿದ್ದಳು, ಒಬ್ಬಳೇ. ಯಾರನ್ನೂ ಮಾತಾಡಿಸಿರಲಿಲ್ಲ.

"ನಾನಲ್ಲ ಸರ್."

"ನಂಬರ್ ನಿಮ್ದು. ಮೂವತ್ತು ಅಡಿ ಒಳಗೆ ನಿಂತ್ರೆ ಮಾತ್ರ ತೆರೀತೈತೆ ಅಂತ ನಿನ್ನೆ ನೀವೇ ಹೇಳಿದ್ರಿ. ಬುಧವಾರ ಯಾರೋ ಅಲ್ಲಿ ನಿಂತು, ಅಂಕಿ ಎಪ್ಪತ್ತೊಂದರಲ್ಲೇ ನಿಂತೈತೆ ಅಂತ ನೋಡ್ಕಂಡು ಹೋಗಿದಾರೆ. ಗುರುವಾರ ಕಳುವಾಗೈತೆ." ಅವರ ದನಿಯಲ್ಲಿ ಬಿರುಸಿರಲಿಲ್ಲ, ಅದೇ ಅವಳಿಗೆ ಹೆದರಿಕೆ ತಂದಿತು. "ಗುಪ್ತ ಸಂಖ್ಯೆ ಹಳೇದಾ?"

"ಸೋಮವಾರ ಬದಲಾಯಿಸಿದ್ದು."

"ಯಾರಿಗೆ ಹೇಳಿದ್ರಿ?"

ಒಬ್ಬರಿಗೆ ಹೇಳಿದ್ದಳು. ಮಂಗಳವಾರ ಸಂಜೆ ಊಟಕ್ಕೆ ಕೂತಾಗ, ನನ್ನ ಗುಪ್ತ ಸಂಖ್ಯೆ ಯಾಕೋ ತಗೋತಿಲ್ಲ, ನಾಳೆ ಇಡೀ ದಿನ ಜಗಳೂರಿನಲ್ಲಿ ಕೆಲಸವಿದೆ, ನಿನ್ನದು ಕೊಡು ಎಂದು ಅಣ್ಣ ಕೇಳಿದ್ದ. ಅವಳು ರೊಟ್ಟಿ ಮುರಿಯುತ್ತ ಹೇಳಿಬಿಟ್ಟಿದ್ದಳು. ಬುಧವಾರ ರಾತ್ರಿ ಬಂದವನು ಜಗಳೂರಿನ ಬಿಸಿಲನ್ನು ಬೈದಿದ್ದ. ಇನ್ಸ್‌ಪೆಕ್ಟರಿಗೂ ನಿನ್ನೆ ಜಗಳೂರೆಂದೇ ಹೇಳಿಕೆ ಬರೆಸಿದ್ದ.

"ಮೇಡಂ, ಕೇಳಿದ್ದು ನಿಮ್ಮನ್ನೇ. ಯಾರಿಗೂ ಹೇಳಿಲ್ಲ ಅಂದ್ರೆ ಹಂಗಂತಲೇ ಬರ್ಕೊತೀನಿ. ಆಗ ನೀವು ಇಲ್ಲೇ ಕೂರಬೇಕಾಗ್ತೈತೆ."

ಬಾಗಿಲಲ್ಲಿ ಮುಜೀಬ್ ಬಂದು ನಿಂತ. ಒಂದು ಕೈಯಲ್ಲಿ ಬೆಲ್ಟು, ಇನ್ನೊಂದರಲ್ಲಿ ಫೋನು.

"ಬಾ, ಮನೆಗೆ ಹೋಗಾಣ" ಎಂದ. "ಅಮ್ಮ ಕಾಯ್ತಿರ್ತಾಳೆ."

ಸತೀಶ್ ಕುಮಾರ್ ಪೆನ್ನಿನ ಮುಚ್ಚಳ ತೆಗೆದು, ಹೊಸ ಹಾಳೆಯ ಮೇಲೆ ದಿನಾಂಕ ಬರೆದು, ತಸ್ಲೀಮ್‌ಳ ಬಾಯನ್ನೇ ನೋಡುತ್ತ ಕಾದರು.